ಹೊರಗಿನಿಂದ 443, 7547, 34567 ಪೋರ್ಟ್‌ಗಳು ತೆರೆದಿವೆ. ರೌಟರ್‌ನಲ್ಲಿ ಯುಪಿಎನ್‌ಪಿ ಆಫ್ ಮಾಡಿದರೂ ಮುಚ್ಚುತ್ತಿಲ್ಲ

ತಂತಿಬಲೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಮನೆಯ ಇಂಟರ್ನೆಟ್ ವಿಳಾಸವನ್ನು ಆನ್‌ಲೈನ್ ಪೋರ್ಟ್ ಪರೀಕ್ಷೆಗೆ ಕೊಟ್ಟಾಗ 443, 7547, 34567 ಈ ಮೂರು ಟಿಸಿಪಿ ಪೋರ್ಟ್‌ಗಳು (ಹೊರಗಿನಿಂದ ಸಂಪರ್ಕ ಬರುವ, ಸಂಖ್ಯೆ ಹೊತ್ತ ಬಾಗಿಲುಗಳು) ತೆರೆದಿವೆ ಎಂದು ಬಂತು. 113 'ಮುಚ್ಚಿದೆ' ಎಂದು ತೋರಿಸುತ್ತದೆ. ಪರೀಕ್ಷಿಸಿದ ಉಳಿದವುಗಳಿಂದ ಉತ್ತರವೇ ಇಲ್ಲ.

ಜೋಡಣೆ ಹೀಗಿದೆ. ಫೈಬರ್ ಬಂದು ಸೇರುವುದು ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಗೆ. ಅದರ ಒಳ ವಿಳಾಸ 192.168.1.1. ಅದರ ಮೊದಲ ಲ್ಯಾನ್ ಕಿಂಡಿಯಿಂದ ಕೇಬಲ್ ಎಳೆದು ಸ್ವಂತ ವೈಫೈ ರೌಟರ್ ಹಾಕಿದ್ದೇನೆ. ಅದರ ಹೊರ ವಿಳಾಸ 192.168.1.2, ಒಳ ವಿಳಾಸ 192.168.50.1. ಫೋನು, ಕಂಪ್ಯೂಟರ್, ಗೇಮ್ ಕನ್ಸೋಲ್ ಎಲ್ಲ ಇದರ ಹಿಂದೆ ಇವೆ. ನಾಲ್ಕು ಕ್ಯಾಮೆರಾಗಳ ದೃಶ್ಯ ದಾಖಲಿಸುವ ಡಿವಿಆರ್ ಮಾತ್ರ ಕಂಪನಿಯ ಪೆಟ್ಟಿಗೆಯ ಮೂರನೇ ಕಿಂಡಿಗೆ ನೇರವಾಗಿ ಕೇಬಲ್‌ನಲ್ಲಿದೆ, ವಿಳಾಸ 192.168.1.64.

ಸ್ವಂತ ರೌಟರ್‌ನಲ್ಲಿ ಯುಪಿಎನ್‌ಪಿ (ಒಳಗಿನ ಸಾಧನಗಳು ತಾವೇ ಪೋರ್ಟ್ ತೆರೆಸಿಕೊಳ್ಳುವ ಸೌಲಭ್ಯ) ಆಫ್ ಮಾಡಿದೆ. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಪೋರ್ಟನ್ನು ಒಳಗಿನ ಸಾಧನಕ್ಕೆ ಕಳಿಸುವ ನಿಯಮಗಳ) ಪಟ್ಟಿ ಖಾಲಿ ಇದೆ. ರೀಸ್ಟಾರ್ಟ್ ಆದ ಮೇಲೂ ಮೂರೂ ಪೋರ್ಟ್ ಹಾಗೇ ತೆರೆದಿವೆ. ಇವುಗಳನ್ನು ತೆರೆದಿರುವುದು ಯಾರು? ಕ್ಯಾಮೆರಾಗಳನ್ನು ಹೊರಗಿನಿಂದ ಫೋನಿನಲ್ಲಿ ನೋಡಲೇಬೇಕು, ಹಾಗಾಗಿ 34567 ಬದಲು ಯಾರೂ ಊಹಿಸದ ಬೇರೆ ಸಂಖ್ಯೆ ಇಟ್ಟರೆ ಸಾಕೇ? 113 ಮಾತ್ರ 'ಮುಚ್ಚಿದೆ' ಎಂದು ಬೇರೆಯಾಗಿ ತೋರಿಸುವುದು ಅಪಾಯದ ಗುರುತೇ?

ನೆಲಮಾಳಿಗೆ

ನಿಮ್ಮ ಮೂರು ಪೋರ್ಟ್‌ಗಳಲ್ಲಿ ಉತ್ತರಿಸುತ್ತಿರುವುದು ಮೂರು ಬೇರೆ ಬೇರೆ ಯಂತ್ರಗಳು ಎಂದು ಕಾಣುತ್ತದೆ. ಅವುಗಳಲ್ಲಿ ಎರಡು ನೀವು ಸೆಟ್ಟಿಂಗ್ ಬದಲಿಸಿದ ರೌಟರ್‌ನ ಹಿಂದೆ ಇಲ್ಲವೇ ಇಲ್ಲ. ಯಾವ ಪೆಟ್ಟಿಗೆ ಉತ್ತರಿಸುತ್ತಿದೆ ಎಂದು ತಿಳಿಯದೆ ಸ್ವಿಚ್ ಒತ್ತುತ್ತ ಹೋದರೆ ಪಕ್ಕದ ಕೋಣೆಗೆ ಬೀಗ ಹಾಕಿ ಮುಂಬಾಗಿಲು ತಳ್ಳಿ ನೋಡಿದ ಹಾಗಾಗುತ್ತದೆ.

ಪರೀಕ್ಷೆಯ ಬಗ್ಗೆ ಮೊದಲು. ಕಂಪನಿ ಪೆಟ್ಟಿಗೆಯ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಹೊರಗಿನ ವಿಳಾಸ) ಏನಿದೆ ನೋಡಿ. 'ನನ್ನ ಐಪಿ ಯಾವುದು' ಎಂದು ಹೇಳುವ ತಾಣ ತೋರಿಸುವುದಕ್ಕೂ ಅದಕ್ಕೂ ತಾಳೆಯಾಗಬೇಕು. ಪೆಟ್ಟಿಗೆಯಲ್ಲಿ 100.64ರಿಂದ 100.127ರವರೆಗಿನ ಯಾವುದಾದರೂ ವಿಳಾಸ ಇದ್ದರೆ ನೀವು ಕಂಪನಿಯ ಹಂಚಿಕೆ ನ್ಯಾಟ್‌ನ (ಹಲವು ಗ್ರಾಹಕರು ಒಂದೇ ಹೊರ ವಿಳಾಸ ಹಂಚಿಕೊಳ್ಳುವ ವ್ಯವಸ್ಥೆಯ) ಹಿಂದಿದ್ದೀರಿ. ಆಗ ಪರೀಕ್ಷೆ ತಟ್ಟಿದ್ದು ಕಂಪನಿಯ ಯಂತ್ರವನ್ನು, ನಿಮ್ಮದನ್ನಲ್ಲ. 34567 ಹೊರಗಿನಿಂದ ಕಾಣುತ್ತಿರುವುದರಿಂದ ನಿಮ್ಮದು ನಿಜವಾದ ಸಾರ್ವಜನಿಕ ವಿಳಾಸವೇ ಇರಬೇಕು, ಆದರೂ ನೋಡಿಬಿಡಿ. ಮನೆಯ ವೈಫೈಯಲ್ಲೇ ಕುಳಿತು ಸ್ವಂತ ಸಾರ್ವಜನಿಕ ವಿಳಾಸವನ್ನು ಸ್ಕ್ಯಾನ್ ಮಾಡಬೇಡಿ. ಒಳಗಿನಿಂದ ಹೊರಟ ಪ್ಯಾಕೆಟ್ಟನ್ನು ರೌಟರ್ ಒಳಗೇ ತಿರುಗಿಸಿ ತನ್ನ ಅಡ್ಮಿನ್ ಪುಟವನ್ನು ತೋರಿಸಿಬಿಡುತ್ತದೆ. 80, 443 ತೆರೆದಿದೆ ಎಂಬ ಸುಳ್ಳು ಗಾಬರಿ ಹೆಚ್ಚಿನ ಸಲ ಹುಟ್ಟುವುದು ಅಲ್ಲಿಂದಲೇ.

ಈಗ ಪೆಟ್ಟಿಗೆ ಪತ್ತೆ. ಸ್ವಂತ ರೌಟರ್‌ಗೆ ಹೋಗುವ ಕೇಬಲ್ಲನ್ನು ಕಂಪನಿ ಪೆಟ್ಟಿಗೆಯಿಂದ ಕಿತ್ತು, ಲ್ಯಾಪ್‌ಟಾಪನ್ನು ಫೋನಿನ ಮೊಬೈಲ್ ಡೇಟಾ ಹಾಟ್‌ಸ್ಪಾಟ್‌ಗೆ ಸೇರಿಸಿ ಹೊರಗಿನಿಂದ ಮತ್ತೆ ಪರೀಕ್ಷಿಸಿ. ಈಗ ಸುಮ್ಮನಾದ ಪೋರ್ಟ್ ಸ್ವಂತ ರೌಟರ್‌ನದು. ಬಳಿಕ ಡಿವಿಆರ್ ಕೇಬಲ್ಲನ್ನೂ ಕಿತ್ತು ಇನ್ನೊಮ್ಮೆ ನೋಡಿ. ಕೊನೆಗೂ ಉಳಿದದ್ದು ಕಂಪನಿ ಪೆಟ್ಟಿಗೆಯದೇ. ಹತ್ತು ನಿಮಿಷದ ಕೆಲಸ, ಊಹೆಗೆ ಜಾಗವೇ ಉಳಿಯುವುದಿಲ್ಲ.

7547: ಇದು ಟಿಆರ್-069 ಎಂಬ ದೂರನಿರ್ವಹಣೆಯ ಬಾಗಿಲು. ಕಂಪನಿಯ ಸರ್ವರ್ ಈ ಪೋರ್ಟನ್ನು ತಟ್ಟಿದರೆ ಪೆಟ್ಟಿಗೆ ತಾನಾಗಿ ಆ ಸರ್ವರ್‌ಗೆ ಸಂಪರ್ಕ ಮಾಡಿ ಹೊಸ ಸೆಟ್ಟಿಂಗ್, ಫರ್ಮ್‌ವೇರ್ (ಪೆಟ್ಟಿಗೆಯೊಳಗಿನ ಮೂಲ ತಂತ್ರಾಂಶ) ಪಡೆಯುತ್ತದೆ. ತಟ್ಟುವ ಹಕ್ಕು ಕಂಪನಿಯ ಸರ್ವರ್‌ಗೆ ಮಾತ್ರ ಇರಬೇಕು, ಊರಿಗೆಲ್ಲ ಅಲ್ಲ. 2014ರಲ್ಲಿ ಬಯಲಾದ 'ಮಿಸ್‌ಫಾರ್ಚೂನ್ ಕುಕಿ' ದೋಷ ಇದ್ದದ್ದು ಅಂಥ ಪೆಟ್ಟಿಗೆಗಳೊಳಗಿನ ರಾಮ್‌ಪೇಜರ್ ಎಂಬ ಪುಟ್ಟ ವೆಬ್ ಸರ್ವರ್‌ನಲ್ಲಿ. ತಿದ್ದುಪಡಿ 2005ರಲ್ಲೇ ಬಂದಿದ್ದರೂ ಪೆಟ್ಟಿಗೆಗಳಿಗೆ ತಲುಪಿರಲಿಲ್ಲ, ಸುಮಾರು 1.2 ಕೋಟಿ ಸಾಧನಗಳು ದೋಷದೊಂದಿಗೇ ಓಡುತ್ತಿದ್ದವು. 2016ರ ನವೆಂಬರ್‌ನಲ್ಲಿ ಮಿರಾಯ್ ಎಂಬ, ಮನೆಯ ಸಾಧನಗಳಿಗೆ ಹರಡುವ ದುರುದ್ದೇಶದ ತಂತ್ರಾಂಶದ ಒಂದು ತಳಿ ಇದೇ 7547ನ್ನು ತಟ್ಟುತ್ತ ಹೋದಾಗ ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕೆಟ್ಟಿತ್ತು. ಪೆಟ್ಟಿಗೆಯಲ್ಲಿ ಟಿಆರ್-069 ಆಫ್ ಮಾಡುವ ಆಯ್ಕೆ ಗ್ರಾಹಕರಿಗೆ ಕಾಣದಿರುವುದೇ ಹೆಚ್ಚು. ಕಂಪನಿಗೆ ದೂರು ಕೊಡುವಾಗ 'ಪೋರ್ಟ್ ತೆರೆದಿದೆ' ಎಂದಷ್ಟೇ ಬರೆದರೆ ಉತ್ತರ ಬರುವುದಿಲ್ಲ. '7547ಕ್ಕೆ ನಿಮ್ಮ ನಿರ್ವಹಣಾ ಸರ್ವರ್‌ನ ವಿಳಾಸದಿಂದ ಮಾತ್ರ ಪ್ರವೇಶ ಇರುವಂತೆ ನಿರ್ಬಂಧಿಸಿ' ಎಂದು ನಿಖರವಾಗಿ ಕೇಳಿ.

34567: ಶಿಯೋಂಗ್‌ಮಾಯ್ ಎಂಬ ಚೀನಾ ಕಂಪನಿಯ ಬೋರ್ಡ್ ಬಳಸುವ ಡಿವಿಆರ್‌ಗಳ ಮಾಮೂಲಿ ಸಂಖ್ಯೆ. ಡಿವಿಆರ್ ತಾನೇ ಯುಪಿಎನ್‌ಪಿ ಮೂಲಕ ಕಂಪನಿ ಪೆಟ್ಟಿಗೆಯನ್ನು ಕೇಳಿ ಇದನ್ನು ತೆರೆಸಿಕೊಂಡಿರಬೇಕು. ಯುಪಿಎನ್‌ಪಿಗೆ ಪಾಸ್‌ವರ್ಡೇ ಇಲ್ಲ; ಒಳಗಿರುವ ಯಾವ ಸಾಧನ ಕೇಳಿದರೂ ಬಾಗಿಲು ತೆರೆಯುತ್ತದೆ. ನೀವು ಆಫ್ ಮಾಡಿದ್ದು ಎರಡನೇ ರೌಟರ್‌ನ ಯುಪಿಎನ್‌ಪಿ, ಡಿವಿಆರ್ ಇರುವುದು ಮೊದಲ ಪೆಟ್ಟಿಗೆಯಲ್ಲಿ. 192.168.1.1ಕ್ಕೆ ಹೋಗಿ ಯುಪಿಎನ್‌ಪಿ ಪಟ್ಟಿ ನೋಡಿ, 192.168.1.64ರ ಸಾಲು ಅಲ್ಲಿ ಇರಬೇಕು. ಅಲ್ಲಿ ಆಫ್ ಮಾಡಿ, ಡಿವಿಆರ್‌ನ ನೆಟ್‌ವರ್ಕ್ ಮೆನುವಿನಲ್ಲೂ ಯುಪಿಎನ್‌ಪಿ ಆಫ್ ಮಾಡಿ, ಪೆಟ್ಟಿಗೆಯನ್ನು ರೀಸ್ಟಾರ್ಟ್ ಮಾಡಿ. ಕೆಲವು ಪೆಟ್ಟಿಗೆಗಳಲ್ಲಿ ಆಫ್ ಮಾಡಿದ ಮೇಲೂ ಹಳೆಯ ಸಾಲು ರೀಸ್ಟಾರ್ಟ್ ಆಗುವವರೆಗೆ ಜೀವಂತ ಇರುತ್ತದೆ.

443: ನಿಮ್ಮ ಸ್ವಂತ ರೌಟರ್‌ನ ಅಡ್ಮಿನ್ ಪುಟ ಎಂದು ನನ್ನ ಅನುಮಾನ. ಆದರೆ ಅದು ಕಂಪನಿ ಪೆಟ್ಟಿಗೆಯ ಹಿಂದಿದೆಯಲ್ಲ, ಹೊರಗಿನವರು ಅಲ್ಲಿಗೆ ತಲುಪುವುದು ಹೇಗೆ? ಕಂಪನಿ ಪೆಟ್ಟಿಗೆಯಲ್ಲಿ ಡಿಎಂಝಡ್ ಎಂಬ ಆಯ್ಕೆಯಲ್ಲಿ 192.168.1.2 ಬರೆದಿದೆಯೇ ನೋಡಿ. ಇದ್ದರೆ, ಬೇರೆ ಯಾರೂ ಪಡೆಯದ ಪ್ರತಿಯೊಂದು ಪೋರ್ಟೂ ಸೀದಾ ನಿಮ್ಮ ರೌಟರ್‌ಗೆ ಹೋಗುತ್ತದೆ.

113 'ಮುಚ್ಚಿದೆ' ಎಂಬುದು ಅಪಾಯವಲ್ಲ. ತೆರೆದ ಪೋರ್ಟ್ 'ಬನ್ನಿ' ಎನ್ನುತ್ತದೆ, ಮುಚ್ಚಿದ್ದು 'ಇಲ್ಲಿ ಯಾರೂ ಇಲ್ಲ' ಎಂದು ಹೇಳಿ ಕಳಿಸುತ್ತದೆ, ಫಿಲ್ಟರ್ ಆದದ್ದು ಮಾತೇ ಆಡುವುದಿಲ್ಲ. 113 ಹಳೆಯ ಐಡೆಂಟ್ ಸೇವೆಯದು. ಕೆಲವು ಮೇಲ್ ಮತ್ತು ಚಾಟ್ ಸರ್ವರ್‌ಗಳು ಅದನ್ನು ತಟ್ಟಿ ಉತ್ತರಕ್ಕೆ ಕಾಯುತ್ತಿದ್ದವು; ಕಾಯಿಸದಿರಲೆಂದು ರೌಟರ್‌ಗಳು 'ಇಲ್ಲ' ಎಂದು ಹೇಳುವಂತೆ ಮಾಡಿದ್ದರು. ಅದನ್ನು ಬಿಟ್ಟುಬಿಡಿ.

ಎಂಟುಬಿಟ್

ಸಂಖ್ಯೆ ಬದಲಿಸುವ ಪ್ರಶ್ನೆಗೆ: ಸಾಲದು. ಇರುವುದೇ 65535 ಪೋರ್ಟ್‌ಗಳು. 2013ರಲ್ಲಿ ಬಂದ ಝಡ್‌ಮ್ಯಾಪ್ ಎಂಬ ಉಪಕರಣ ಒಂದು ಗಿಗಾಬಿಟ್ ಸಂಪರ್ಕದಲ್ಲಿ, ಒಂದೇ ಕಂಪ್ಯೂಟರ್‌ನಿಂದ, ಇಡೀ ಐಪಿವಿ4 (ಹಳೆಯ ಬಗೆಯ ಇಂಟರ್ನೆಟ್ ವಿಳಾಸ) ಜಗತ್ತಿನ ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ಮುಗಿಸುತ್ತಿತ್ತು. ಸಂಖ್ಯೆ ಬದಲಿಸಿದರೆ ಲಾಗ್‌ನಲ್ಲಿ ಗದ್ದಲ ಕಡಿಮೆಯಾಗುತ್ತದೆ, ಹಿಂದಿರುವ ಪ್ರೋಗ್ರಾಂನ ದೋಷ ಹಾಗೇ ಉಳಿಯುತ್ತದೆ.

ಡಿವಿಆರ್‌ನ ಪಾಸ್‌ವರ್ಡ್ ಬಲಪಡಿಸಿದರೂ ಸಾಲದು ಎನ್ನುವುದಕ್ಕೆ 2016ರ ಮಿರಾಯ್ ನೋಡಿ. ಟೆಲ್ನೆಟ್ ಎಂಬ ಹಳೆಯ ದೂರ ಲಾಗಿನ್ ಸೇವೆಯ 23 ಮತ್ತು 2323ರಲ್ಲಿ ಅರವತ್ತು ಚಿಲ್ಲರೆ ಸಿದ್ಧ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಪ್ರಯತ್ನಿಸುವುದಷ್ಟೇ ಅದರ ಕೆಲಸ. ಶಿಯೋಂಗ್‌ಮಾಯ್ ಬೋರ್ಡ್‌ಗಳ ರೂಟ್ (ಪೂರ್ಣ ಅಧಿಕಾರದ) ಪಾಸ್‌ವರ್ಡ್ ಫರ್ಮ್‌ವೇರ್‌ನೊಳಗೇ ಬರೆದಿತ್ತು. ಮಾಲೀಕರು ವೆಬ್ ಪುಟದಲ್ಲಿ ಪಾಸ್‌ವರ್ಡ್ ಬದಲಿಸಿದರೆ ಅದು ಬದಲಾಗುತ್ತಿರಲಿಲ್ಲ. ಇಂಥ ಯಂತ್ರವನ್ನು ಹೊರಜಗತ್ತಿಗೆ ನೇರ ತೋರಿಸಲೇಬಾರದು.

ಕ್ಯಾಮೆರಾ ನೋಡಲು ವಿಪಿಎನ್ (ಹೊರಗಿನಿಂದ ಮನೆಯ ಜಾಲಕ್ಕೆ ಗೂಢಲಿಪಿಯ ಸುರಂಗ) ಇಡಿ. ನಿಮ್ಮ ಸ್ವಂತ ರೌಟರ್‌ನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್‌ನ ಸರ್ವರ್ ಇದ್ದರೆ ಹೀಗೆ ಮಾಡಿ:

1. ಕಂಪನಿ ಪೆಟ್ಟಿಗೆಯಲ್ಲಿ ಡಿಎಂಝಡ್ ಇದ್ದರೆ ತೆಗೆಯಿರಿ. ಯುಡಿಪಿ 51820 ಒಂದನ್ನು ಮಾತ್ರ 192.168.1.2ಕ್ಕೆ ಫಾರ್ವರ್ಡ್ ಮಾಡಿ. ಟಿಸಿಪಿ ಬೇಡ; 'ಎರಡೂ' ಎಂಬ ಆಯ್ಕೆ ಒತ್ತಬೇಡಿ.
2. ಪ್ರತಿ ಫೋನಿಗೂ ಬೇರೆ ಕೀ ಜೋಡಿ. ಫೋನ್ ಕಳೆದರೆ ಆ ಒಂದು ಕೀ ಅಳಿಸಿದರಾಯಿತು, ಉಳಿದವರಿಗೆ ತೊಂದರೆ ಇಲ್ಲ.
3. ವಿಪಿಎನ್ ಒಳಜಾಲಕ್ಕೆ 10.77.0.0ರಂಥ, ಬೇರೆಲ್ಲೂ ಎದುರಾಗದ ಶ್ರೇಣಿ ಕೊಡಿ.
4. ಫೋನಿನಲ್ಲಿ 'ಅನುಮತಿಸಿದ ಐಪಿಗಳು' ಎಂಬಲ್ಲಿ 192.168.1.64/32 ಎಂದಷ್ಟೇ ಬರೆಯಿರಿ. /32 (ಆ ಒಂದೇ ವಿಳಾಸ) ಮುಖ್ಯ. ನೀವು ಹೋದ ಕಡೆಯ ವೈಫೈ ಕೂಡ 192.168.1 ಶ್ರೇಣಿಯದೇ ಆಗಿರುವ ಸಾಧ್ಯತೆ ಬಹಳ. /24 (ಇಡೀ 192.168.1 ಶ್ರೇಣಿ) ಬರೆದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಒಂದೇ ವಿಳಾಸದ ದಾರಿ ಹೆಚ್ಚು ನಿಖರವಾದ್ದರಿಂದ ಅದೇ ಗೆಲ್ಲುತ್ತದೆ.
5. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1420 ಇರಲಿ. ಕಂಪನಿಯ ಸಂಪರ್ಕ ಪಿಪಿಪಿಒಇ (ಹೆಸರು-ಪಾಸ್‌ವರ್ಡ್ ಕೊಟ್ಟು ಕೂಡುವ ಬಗೆ) ಆಗಿದ್ದರೆ ಹೊರಗಿನ ಎಂಟಿಯು 1492ಕ್ಕೆ ಇಳಿದಿರುತ್ತದೆ, ಆಗ 1412 ಹಾಕಿ. ಇದನ್ನು ಮರೆತರೆ ವಿಪಿಎನ್ ಕೂಡಿಕೊಳ್ಳುತ್ತದೆ, ಲಾಗಿನ್ ಪುಟವೂ ಬರುತ್ತದೆ, ಆದರೆ ವಿಡಿಯೊ ಶುರುವಾಗುವುದೇ ಇಲ್ಲ. ಆ ಲಕ್ಷಣ ಕಂಡರೆ ಮೊದಲು ಎಂಟಿಯು ನೋಡಿ.

ವೈರ್‌ಗಾರ್ಡ್‌ನ ದೊಡ್ಡ ಗುಣವೆಂದರೆ ಸರಿಯಾದ ಕೀ ಇಲ್ಲದ ಪ್ಯಾಕೆಟ್‌ಗೆ ಅದು ಉತ್ತರಿಸುವುದೇ ಇಲ್ಲ. ಹೊರಗಿನಿಂದ ತಟ್ಟುವವನಿಗೆ 51820ರಲ್ಲಿ ಏನೋ ಇದೆ ಎಂದೇ ತಿಳಿಯುವುದಿಲ್ಲ. ಎನ್‌ಮ್ಯಾಪ್ ಎಂಬ ಪೋರ್ಟ್ ಸ್ಕ್ಯಾನರ್ ಕೂಡ 'ತೆರೆದಿರಬಹುದು ಅಥವಾ ಫಿಲ್ಟರ್ ಆಗಿರಬಹುದು' ಎಂದಷ್ಟೇ ಹೇಳುತ್ತದೆ.

ಡಿವಿಆರನ್ನು ಸ್ವಂತ ರೌಟರ್‌ನ ಹಿಂದಕ್ಕೆ ತರಬೇಕೇ ಎಂದರೆ, ಬೇಡ, ಅಲ್ಲೇ ಇರಲಿ. 192.168.50 ಕಡೆಯಿಂದ ಡಿವಿಆರ್‌ಗೆ ಹೋಗಬಹುದು, ಡಿವಿಆರ್ ತಾನಾಗಿ ನಿಮ್ಮ ಕಂಪ್ಯೂಟರ್‌ಗಳತ್ತ ಬರಲಾರದು. ಬೇಡದ ಎರಡು ನ್ಯಾಟ್ ಇಲ್ಲಿ ಒಂದು ಗೋಡೆಯ ಕೆಲಸ ಮಾಡುತ್ತಿದೆ. ಆದರೆ ಡಿವಿಆರ್ ಯಾರದೋ ಕೈಗೆ ಸಿಕ್ಕರೆ ಅದು ಕಂಪನಿ ಪೆಟ್ಟಿಗೆಯ ಅಡ್ಮಿನ್ ಪುಟವನ್ನು ತಟ್ಟಬಲ್ಲದು. ಎಆರ್‌ಪಿ ವಂಚನೆಯಿಂದ (ಬೇರೆ ಯಂತ್ರದ ವಿಳಾಸ ತನ್ನದೆಂದು ಸಾರಿ) 192.168.1.1 ಮತ್ತು 192.168.1.2ರ ನಡುವೆ ನುಸುಳಲೂ ಬಲ್ಲದು. ಹಾಗಾಗಿ ಪೆಟ್ಟಿಗೆಯ ಕೆಳಗೆ ಅಂಟಿಸಿದ ಚೀಟಿಯ ಪಾಸ್‌ವರ್ಡ್ ಬದಲಿಸಿ. ಡಿವಿಆರ್‌ಗೆ ಸ್ಥಿರ ವಿಳಾಸ ಕೊಟ್ಟು ಗೇಟ್‌ವೇ ಜಾಗವನ್ನು ಖಾಲಿ ಬಿಡಿ. ಖಾಲಿ ಬಿಡಲು ಒಪ್ಪದಿದ್ದರೆ ಯಾರೂ ಬಳಸದ ಒಂದು ಒಳ ವಿಳಾಸ ಬರೆಯಿರಿ. ಹೊರಜಗತ್ತಿಗೆ ಹೋಗುವ ದಾರಿಯೇ ಅದಕ್ಕೆ ಗೊತ್ತಿರುವುದಿಲ್ಲ. ವಿಪಿಎನ್‌ನಲ್ಲಿ ಬಂದ ನಿಮ್ಮ ಫೋನು ಅದಕ್ಕೆ 192.168.1.2 ಆಗಿ ಕಾಣುವುದರಿಂದ ಉತ್ತರ ಕೊಡಲು ಗೇಟ್‌ವೇ ಬೇಕಾಗಿಲ್ಲ. ತಯಾರಕರ ಕ್ಲೌಡ್ ಆ್ಯಪ್ ಇದರಿಂದ ನಿಲ್ಲುತ್ತದೆ. ನನ್ನ ಪ್ರಕಾರ ಅದು ಲಾಭವೇ.

ತಂತಿಬಲೆ

ಇಬ್ಬರಿಗೂ ಧನ್ಯವಾದ. ಕೇಬಲ್ ಕಿತ್ತು ನೋಡಿದ ಫಲಿತಾಂಶ: ಸ್ವಂತ ರೌಟರ್ ಕಿತ್ತಾಗ 443 ಸುಮ್ಮನಾಯಿತು. ಡಿವಿಆರ್ ಕಿತ್ತಾಗ 34567 ಸುಮ್ಮನಾಯಿತು. 7547 ಕೊನೆವರೆಗೂ ಉಳಿಯಿತು.

ಕಂಪನಿ ಪೆಟ್ಟಿಗೆಯಲ್ಲಿ ಡಿಎಂಝಡ್ 192.168.1.2ಕ್ಕೆ ಇತ್ತು, ಕನ್ಸೋಲ್‌ಗಾಗಿ ಹಾಕಿದ್ದು. ಅದನ್ನು ತೆಗೆಯುವ ಮೊದಲು ಮೊಬೈಲ್ ಡೇಟಾದಿಂದ ಎನ್‌ಮ್ಯಾಪ್‌ನಲ್ಲಿ ಪೂರ್ತಿ ಸ್ಕ್ಯಾನ್ ಓಡಿಸಿದೆ. ಹೊಸದೊಂದು ಕಂಡಿದೆ: 50 ಸಾವಿರದ ಮೇಲಿನ ಒಂದು ಟಿಸಿಪಿ ಪೋರ್ಟ್, ಅದರ ಬ್ಯಾನರ್‌ನಲ್ಲಿ (ಸಂಪರ್ಕಿಸಿದಾಗ ಬರುವ ಪರಿಚಯದ ಸಾಲಿನಲ್ಲಿ) 'ಎಸ್‌ಎಸ್‌ಎಚ್ 2.0 ಡ್ರಾಪ್‌ಬೇರ್' ಎಂದಿದೆ. ಸ್ವಂತ ರೌಟರ್‌ನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗಿ ಆದೇಶ ಕೊಡುವ ಸೇವೆ) ಆನ್ ಎಂದು ತೋರಿಸುತ್ತಿದೆ. ಯಾರೂ ಆನ್ ಮಾಡಿಲ್ಲ. ಫರ್ಮ್‌ವೇರ್ ಅಪ್‌ಡೇಟ್ ಹಾಕಿದರೆ ಸರಿಹೋಗುತ್ತದೆಯೇ?

ನೆಲಮಾಳಿಗೆ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಯಾರೂ ಆನ್ ಮಾಡದ ಎಸ್‌ಎಸ್‌ಎಚ್, ಅದೂ ವಿಚಿತ್ರ ಸಂಖ್ಯೆಯಲ್ಲಿ, ಹೊರಗಿನಿಂದ ಕಾಣುತ್ತಿದೆ ಎಂದರೆ ರೌಟರ್ ಬೇರೆಯವರ ಕೈಯಲ್ಲಿದೆ ಎಂದೇ ಭಾವಿಸಿ ಮುಂದುವರಿಯಿರಿ. ಈಗಲೇ ಹೊರಗಿನ ಕೇಬಲ್ ಕಿತ್ತಿಡಿ.

ಬರೀ ಫರ್ಮ್‌ವೇರ್ ಅಪ್‌ಡೇಟ್ ಸಾಲದು. 2025ರಲ್ಲಿ ಸಾವಿರಾರು ಏಸುಸ್ ರೌಟರ್‌ಗಳಲ್ಲಿ ಕಂಡುಬಂದ ದಾಳಿಯಲ್ಲಿ ಟಿಸಿಪಿ 53282ರಲ್ಲಿ ಎಸ್‌ಎಸ್‌ಎಚ್ ತೆರೆದು, ದಾಳಿಕೋರರ ಕೀಯನ್ನು ರೌಟರ್‌ನ ಅಧಿಕೃತ ಸೆಟ್ಟಿಂಗ್ ಮೂಲಕವೇ ಸೇರಿಸಿದ್ದರು. ಸೆಟ್ಟಿಂಗ್‌ಗಳು ಉಳಿಯುವುದು ಎನ್‌ವಿರ್ಯಾಮ್ ಎಂಬ, ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ. ಹೊಸ ಫರ್ಮ್‌ವೇರ್ ಹಾಕಿದರೂ ಅವು ಅಳಿಯುವುದಿಲ್ಲ. ಆ ರೌಟರ್‌ಗಳನ್ನು ಅಪ್‌ಡೇಟ್ ಮಾಡಿದವರಲ್ಲೂ ಹಿಂಬಾಗಿಲು ಹಾಗೇ ಉಳಿಯುತ್ತಿತ್ತು. ನಿಮ್ಮದೂ ಅದೇ ದಾಳಿ ಎನ್ನುತ್ತಿಲ್ಲ, ಉಳಿಯುವ ರೀತಿ ಇದೇ ಎಂದು ಹೇಳುತ್ತಿದ್ದೇನೆ.

ರೀಸ್ಟಾರ್ಟ್ ಬಗ್ಗೆಯೂ ಒಂದು ಮಾತು. ಮಿರಾಯ್ ಮೆಮೊರಿಯಲ್ಲಿ ಮಾತ್ರ ಬದುಕುತ್ತಿತ್ತು, ಕರೆಂಟ್ ತೆಗೆದರೆ ಹೋಗುತ್ತಿತ್ತು, ಪೋರ್ಟ್ ತೆರೆದೇ ಇದ್ದರೆ ಮತ್ತೆ ಬರುತ್ತಿತ್ತು. 2018ರ ವಿಪಿಎನ್‌ಫಿಲ್ಟರ್ ಎಂಬ ದುರುದ್ದೇಶದ ತಂತ್ರಾಂಶ 54 ದೇಶಗಳ ಸುಮಾರು 5 ಲಕ್ಷ ಸಾಧನಗಳಲ್ಲಿ ಸೇರಿಕೊಂಡಿತ್ತು, ಅದರ ಮೊದಲ ಹಂತ ರೀಸ್ಟಾರ್ಟ್ ಆದರೂ ಉಳಿಯುತ್ತಿತ್ತು. ಹಾಗಾಗಿ ಕ್ರಮ ತಪ್ಪದೆ ಹೀಗೆ ಮಾಡಿ.

ತಯಾರಕರ ತಾಣದಿಂದ ನಿಮ್ಮ ಮಾದರಿಯ, ಹಾರ್ಡ್‌ವೇರ್ ಆವೃತ್ತಿಯೂ ಹೊಂದುವ ಫರ್ಮ್‌ವೇರನ್ನು ಬೇರೆ ಸಂಪರ್ಕದಿಂದ ಇಳಿಸಿಕೊಳ್ಳಿ. ಚೆಕ್‌ಸಮ್ (ಫೈಲ್ ಬದಲಾಗಿಲ್ಲವೆಂದು ತೋರಿಸುವ ಸಂಖ್ಯೆ) ಕೊಟ್ಟಿದ್ದರೆ ತಾಳೆ ನೋಡಿ. ಒಂದೇ ಮಾದರಿಯ ಎರಡು ಹಾರ್ಡ್‌ವೇರ್ ಆವೃತ್ತಿಗಳಿಗೆ ಬೇರೆ ಬೇರೆ ಫೈಲ್ ಇರುತ್ತದೆ, ತಪ್ಪಾದರೆ ರೌಟರ್ ಏಳುವುದೇ ಇಲ್ಲ. ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ಜೋಡಿಸಿ, ವೈಫೈ ಮೇಲೆ ಫ್ಲ್ಯಾಶ್ ಮಾಡಬೇಡಿ. ಫರ್ಮ್‌ವೇರ್ ಹಾಕಿ, ದೀಪಗಳು ಸ್ಥಿರವಾಗುವವರೆಗೆ ಕರೆಂಟ್ ಮುಟ್ಟಬೇಡಿ. ಆಮೇಲೆ ರೀಸೆಟ್ ಗುಂಡಿಯನ್ನು 10ರಿಂದ 15 ಸೆಕೆಂಡ್ ಒತ್ತಿ ಹಿಡಿದು ಫ್ಯಾಕ್ಟರಿ ಸ್ಥಿತಿಗೆ ತನ್ನಿ. ಹಳೆಯ ಸೆಟ್ಟಿಂಗ್ ಬ್ಯಾಕಪ್ ಫೈಲನ್ನು ಮತ್ತೆ ತುಂಬಬೇಡಿ. ಕದ್ದು ಸೇರಿಸಿದ ಕೀ ಅದರೊಳಗೂ ಇರುತ್ತದೆ. ಎಲ್ಲವನ್ನೂ ಕೈಯಿಂದಲೇ ಬರೆಯಿರಿ. ನಿಮ್ಮ ರೌಟರ್ ಕಂಪನಿ ಪೆಟ್ಟಿಗೆಯಿಂದ ಡಿಎಚ್‌ಸಿಪಿಯಲ್ಲಿ (ತಾನಾಗಿ ವಿಳಾಸ ಹಂಚುವ ಸೇವೆ) ವಿಳಾಸ ಪಡೆಯುವುದರಿಂದ ಲಾಗಿನ್ ವಿವರಗಳ ಗೋಜಿಲ್ಲ.

ಹೊರ ಕೇಬಲ್ ಹಾಕುವ ಮೊದಲೇ ಇಷ್ಟು ಆಗಿರಲಿ: ಹೊಸ ಅಡ್ಮಿನ್ ಪಾಸ್‌ವರ್ಡ್, ವ್ಯಾನ್ ಕಡೆಯ ರಿಮೋಟ್ ನಿರ್ವಹಣೆ ಆಫ್, ಎಸ್‌ಎಸ್‌ಎಚ್ ಮತ್ತು ಟೆಲ್ನೆಟ್ ಆಫ್, ಯುಪಿಎನ್‌ಪಿ ಆಫ್, ಡಬ್ಲ್ಯುಪಿಎಸ್ (ಗುಂಡಿ ಅಥವಾ ಪಿನ್‌ನಿಂದ ವೈಫೈ ಸೇರುವ ಸೌಲಭ್ಯ) ಆಫ್. ಡಬ್ಲ್ಯುಪಿಎಸ್‌ನ ಪಿನ್ 8 ಅಂಕೆಯದಾದರೂ ಅದನ್ನು ಎರಡು ತುಂಡಾಗಿ ಪರಿಶೀಲಿಸುತ್ತದೆ, ಕೊನೆಯ ಅಂಕೆ ತಾಳೆಯ ಅಂಕೆ. 10,000 ಮತ್ತು 1,000 ಸೇರಿ 11,000 ಪ್ರಯತ್ನದೊಳಗೆ ಸಿಕ್ಕಿಬಿಡುತ್ತದೆ. ಇದು 2011ರಿಂದ ಗೊತ್ತಿರುವ ವಿಷಯ. ವೈಫೈ ಪಾಸ್‌ವರ್ಡನ್ನೂ ಬದಲಿಸಿ. ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿ ಕೊಡುವ ಸೇವೆ) ಸೆಟ್ಟಿಂಗನ್ನು ಎರಡು ಕಡೆ ನೋಡಿ, ವ್ಯಾನ್ ಪುಟದಲ್ಲಿ ಮತ್ತು ಡಿಎಚ್‌ಸಿಪಿ ಪುಟದಲ್ಲಿ. ಗುರುತಿಲ್ಲದ ವಿಳಾಸ ಎರಡರಲ್ಲಿ ಯಾವುದರಲ್ಲಿದ್ದರೂ ನಿಮ್ಮನ್ನು ನಕಲಿ ತಾಣಕ್ಕೆ ಕಳಿಸಬಲ್ಲದು.

ರೌಟರ್ ಅನ್ಯರ ಕೈಯಲ್ಲಿದ್ದ ಅವಧಿಯಲ್ಲಿ ಬಳಸಿದ ಮುಖ್ಯ ಖಾತೆಗಳಲ್ಲಿ ಸಕ್ರಿಯ ಲಾಗಿನ್‌ಗಳ ಪಟ್ಟಿ ನೋಡಿ, ಗೊತ್ತಿಲ್ಲದ್ದನ್ನು ಹೊರಹಾಕಿ. ನಿಮ್ಮ ಮಾದರಿಗೆ ತಯಾರಕರು ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದರೆ ಈ ಶ್ರಮವೆಲ್ಲ ಕೆಲವು ದಿನಕ್ಕಷ್ಟೇ. ಅಂಥದ್ದನ್ನು ಬದಲಿಸುವುದೇ ಸರಿ, ಅಥವಾ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್‌ನ ಬೆಂಬಲ ಇದ್ದು 16 ಎಂಬಿ ಫ್ಲ್ಯಾಶ್, 128 ಎಂಬಿ ರ್ಯಾಮ್ ಇದ್ದರೆ ಅದನ್ನು ಹಾಕಿ.

ಪೂರ್ತಿ ಸ್ಕ್ಯಾನ್ ಓಡಿಸಿದ್ದು ಒಳ್ಳೆಯದಾಯಿತು. ಶೀಲ್ಡ್ಸ್‌ಅಪ್ ಎಂಬ ಆನ್‌ಲೈನ್ ತಾಣದ 'ಎಲ್ಲ ಸೇವಾ ಪೋರ್ಟ್' ಪರೀಕ್ಷೆ ಕೂಡ ಮೊದಲ 1056 ಪೋರ್ಟ್‌ಗಳನ್ನು ಮಾತ್ರ ತಟ್ಟುತ್ತದೆ. ಆಯ್ಕೆ ಕೊಡದಿದ್ದರೆ ಎನ್‌ಮ್ಯಾಪ್ ಹೆಚ್ಚು ಬಳಕೆಯ 1000 ಪೋರ್ಟ್‌ಗಳನ್ನಷ್ಟೇ ನೋಡುತ್ತದೆ. ಎರಡರಲ್ಲೂ ಈ ಬಾಗಿಲು ಕಾಣುತ್ತಿರಲಿಲ್ಲ. ಓದುತ್ತಿರುವ ಬೇರೆಯವರಿಗಾಗಿ: ಎನ್‌ಮ್ಯಾಪ್‌ನ ಚಿಕ್ಕ ಪಿ ಆಯ್ಕೆಯಲ್ಲಿ 1ರಿಂದ 65535 ಎಂದು ಕೊಡಿ. ಪಿಂಗ್‌ಗೆ ಉತ್ತರಿಸದ ರೌಟರನ್ನು ಎನ್‌ಮ್ಯಾಪ್ 'ಸತ್ತಿದೆ' ಎಂದು ಬಿಟ್ಟುಬಿಡುತ್ತದೆ, ಅದಕ್ಕೆ ದೊಡ್ಡ ಪಿ, ಚಿಕ್ಕ ಎನ್ ಆಯ್ಕೆ ಸೇರಿಸಿ. ಶುರುವಿನಲ್ಲೂ ಮುಗಿದ ಮೇಲೂ ನಿಮ್ಮ ಸಾರ್ವಜನಿಕ ವಿಳಾಸ ಅದೇ ಇದೆಯೇ ನೋಡಿ. ಮಧ್ಯದಲ್ಲಿ ಬದಲಾಗಿದ್ದರೆ ನೀವು ಬೇರೆ ಯಾರದೋ ಮನೆಯನ್ನು ತಟ್ಟುತ್ತಿರುತ್ತೀರಿ, ಅದು ಸಲ್ಲದು.

ಕವಲುದಾರಿ

ಇಲ್ಲಿಯವರೆಗಿನ ಮಾತೆಲ್ಲ ಐಪಿವಿ4 ಬಗ್ಗೆ. ಹೊಸ ಬಗೆಯ ವಿಳಾಸವಾದ ಐಪಿವಿ6 ಆನ್ ಇದೆಯೇ ಎಂದು ಯಾರೂ ಕೇಳಲಿಲ್ಲ.

ಐಪಿವಿ4ನಲ್ಲಿ ನ್ಯಾಟ್ ಇರುವುದರಿಂದ ಯಾರೂ ಕೇಳದ ಪ್ಯಾಕೆಟ್ ಒಳಗೆ ಯಾರಿಗೆ ಹೋಗಬೇಕೆಂದು ತಿಳಿಯದೆ ಬಿದ್ದುಹೋಗುತ್ತದೆ. ಐಪಿವಿ6ನಲ್ಲಿ ಡಿವಿಆರ್‌ಗೆ, ಟಿವಿಗೆ, ಪ್ರಿಂಟರ್‌ಗೆ ತಲಾ ಒಂದು ಜಾಗತಿಕ ವಿಳಾಸ ಸಿಗುತ್ತದೆ. ತಡೆಯುವುದು ಫೈರ್‌ವಾಲ್ ಒಂದೇ. ಅದು ಆಫ್ ಇದ್ದರೆ ಐಪಿವಿ4 ಸ್ಕ್ಯಾನ್‌ನಲ್ಲಿ ಎಲ್ಲ ಮುಚ್ಚಿದ್ದರೂ ಮನೆಯೊಳಗಿನ ಯಂತ್ರಗಳು ಬಯಲಲ್ಲಿ ನಿಂತಂತೆಯೇ.

ಲ್ಯಾಪ್‌ಟಾಪಿನ ಐಪಿವಿ6 ವಿಳಾಸ ನೋಡಿ. ಎಫ್‌ಇ80ರಿಂದ ಶುರುವಾಗುವುದು ಒಳಗಿನದು, ಅದನ್ನು ಬಿಡಿ. 2 ಅಥವಾ 3ರಿಂದ ಶುರುವಾಗುವ ವಿಳಾಸ ಇದ್ದರೆ ಅದು ಜಾಗತಿಕ. ಎರಡೂ ಪೆಟ್ಟಿಗೆಗಳಲ್ಲಿ ಐಪಿವಿ6 ಫೈರ್‌ವಾಲ್ ಬೇರೆ ಪುಟದಲ್ಲಿರುತ್ತದೆ, ಎರಡನ್ನೂ ನೋಡಿ. ಪರೀಕ್ಷೆಗೆ ಐಪಿವಿ6 ಇರುವ ಮೊಬೈಲ್ ಡೇಟಾದಿಂದ ಎನ್‌ಮ್ಯಾಪ್‌ಗೆ 6 ಆಯ್ಕೆ ಕೊಟ್ಟು ಡಿವಿಆರ್‌ನ ವಿಳಾಸವನ್ನೇ ತಟ್ಟಿ. ರೌಟರ್‌ನ ವಿಳಾಸ ತಟ್ಟಿದರೆ ಡಿವಿಆರ್ ಬಗ್ಗೆ ಏನೂ ತಿಳಿಯುವುದಿಲ್ಲ. ಎಂಟುಬಿಟ್ ಅವರು ಹೇಳಿದ ಖಾಲಿ ಗೇಟ್‌ವೇ ಉಪಾಯ ಐಪಿವಿ4ಕ್ಕೆ ಮಾತ್ರ. ಐಪಿವಿ6ನಲ್ಲಿ ಯಂತ್ರ ದಾರಿಯನ್ನು ಪೆಟ್ಟಿಗೆಯ ಪ್ರಕಟಣೆಯಿಂದ ತಾನೇ ಕಲಿಯುತ್ತದೆ, ಆದ್ದರಿಂದ ಡಿವಿಆರ್‌ನ ಮೆನುವಿನಲ್ಲಿ ಐಪಿವಿ6 ಅನ್ನೇ ಆಫ್ ಮಾಡಿ.

ಭಯದಲ್ಲಿ ಐಸಿಎಂಪಿವಿ6 (ಐಪಿವಿ6ನ ದೋಷ, ಸ್ಥಿತಿ ಸಂದೇಶಗಳು) ಪೂರ್ತಿ ನಿಲ್ಲಿಸಬೇಡಿ. 'ಪ್ಯಾಕೆಟ್ ದೊಡ್ಡದಾಯಿತು' ಎಂಬ ಸಂದೇಶ ಅದರಲ್ಲೇ ಬರುವುದು. ಐಪಿವಿ6ನಲ್ಲಿ ನಡುವಿನ ರೌಟರ್‌ಗಳು ಪ್ಯಾಕೆಟ್ ತುಂಡು ಮಾಡುವುದಿಲ್ಲ, ಆ ಸಂದೇಶ ಬರದಿದ್ದರೆ ಕೆಲವು ತಾಣಗಳು ಅರ್ಧ ತೆರೆದು ನಿಂತುಬಿಡುತ್ತವೆ.

ತಂತಿಬಲೆ

ಫರ್ಮ್‌ವೇರ್ ಹಾಕಿ, ರೀಸೆಟ್ ಮಾಡಿ, ಕೈಯಿಂದ ಸೆಟ್ಟಿಂಗ್ ಬರೆದದ್ದಾಯಿತು. ಡಿಎಂಝಡ್ ತೆಗೆದಿದೆ. ಹೊರಗಿನಿಂದ ಈಗ 7547 ಒಂದೇ ಉಳಿದಿದೆ, ಕಂಪನಿಗೆ ನೀವು ಹೇಳಿದ ಮಾತಿನಲ್ಲೇ ಬರೆದಿದ್ದೇನೆ. ಐಪಿವಿ6 ಕಂಪನಿ ಪೆಟ್ಟಿಗೆಯಲ್ಲಿ ಆನ್ ಇತ್ತು, ಅಲ್ಲಿ ಫೈರ್‌ವಾಲ್ ಕೂಡ ಆನ್ ಇದೆ. ಡಿವಿಆರ್‌ನಲ್ಲಿ ಐಪಿವಿ6 ಆಫ್ ಮಾಡಿದೆ. ವೈರ್‌ಗಾರ್ಡ್‌ನಲ್ಲಿ ಲಾಗಿನ್ ಬಂದು ವಿಡಿಯೊ ಬರುತ್ತಿರಲಿಲ್ಲ, 1412 ಹಾಕಿದ ಮೇಲೆ ಬಂತು.

ಉಳಿದದ್ದು ಎರಡು. ಕನ್ಸೋಲ್ 'ನ್ಯಾಟ್ ಸ್ಟ್ರಿಕ್ಟ್' (ಹೊರಗಿನ ಆಟಗಾರರು ನೇರ ತಲುಪಲಾರರು) ಎನ್ನುತ್ತಿದೆ. ಡಿವಿಆರ್‌ಗೆ ಗೇಟ್‌ವೇ ಖಾಲಿ ಬಿಟ್ಟ ಮೇಲೆ ಅದರ ಗಡಿಯಾರ ದಿನದಿನಕ್ಕೂ ಹಿಂದೆ ಬೀಳುತ್ತಿದೆ.

ಎಂಟುಬಿಟ್

ಕನ್ಸೋಲ್‌ಗೆ: ಸ್ವಂತ ರೌಟರ್‌ನಲ್ಲಿ ಅದಕ್ಕೆ ಸ್ಥಿರ ವಿಳಾಸ ಕೊಟ್ಟು, ಆಟದ ಕಂಪನಿ ಹೇಳಿದ ಪೋರ್ಟ್‌ಗಳನ್ನು ಮಾತ್ರ ಅದರತ್ತ ಫಾರ್ವರ್ಡ್ ಮಾಡಿ. ಎರಡು ನ್ಯಾಟ್ ಇರುವುದರಿಂದ ಅದೇ ಪೋರ್ಟ್‌ಗಳನ್ನು ಕಂಪನಿ ಪೆಟ್ಟಿಗೆಯಲ್ಲೂ 192.168.1.2ಕ್ಕೆ ಬರೆಯಬೇಕು, ಒಂದೇ ಕಡೆ ಬರೆದರೆ ಕೆಲಸ ಆಗುವುದಿಲ್ಲ. ಡಿಎಂಝಡ್‌ಗೆ ಮಾತ್ರ ಮರಳಬೇಡಿ. ಬರೀ ಸೇರಿಕೊಂಡು ಆಡುವವರಿಗೆ ಸ್ಟ್ರಿಕ್ಟ್ ಇದ್ದರೂ ಸಾಮಾನ್ಯವಾಗಿ ನಡೆಯುತ್ತದೆ, ಆಟ ಹೋಸ್ಟ್ ಮಾಡುವಾಗ, ಧ್ವನಿ ಚಾಟ್‌ನಲ್ಲಿ ತೊಂದರೆ ಬರುತ್ತದೆ.

ಗಡಿಯಾರಕ್ಕೆ: ಡಿವಿಆರ್ ಸಮಯ ಕೇಳುವುದು ಎನ್‌ಟಿಪಿಯಲ್ಲಿ, ಯುಡಿಪಿ 123. ಹೊರಗೆ ಹೋಗುವ ದಾರಿ ಕಿತ್ತದ್ದರಿಂದ ಅದು ನಿಂತಿದೆ. ಇದನ್ನು ಹಾಗೇ ಬಿಟ್ಟರೆ ರೆಕಾರ್ಡಿಂಗ್‌ನ ಸಮಯವನ್ನು ನಂಬುವಂತಿರುವುದಿಲ್ಲ. ಸ್ವಂತ ರೌಟರ್‌ನಲ್ಲಿ ಎನ್‌ಟಿಪಿ ಸರ್ವರ್ ಆಯ್ಕೆ ಇದ್ದರೆ ಆನ್ ಮಾಡಿ. ಅದರ ಫೈರ್‌ವಾಲ್‌ನಲ್ಲಿ ವ್ಯಾನ್ ಕಡೆಯಿಂದ, ಮೂಲ 192.168.1.64 ಆಗಿದ್ದರೆ ಮಾತ್ರ, ಯುಡಿಪಿ 123 ಒಳಬಿಡುವ ಒಂದು ನಿಯಮ ಸೇರಿಸಿ. ಡಿವಿಆರ್‌ನ ಎನ್‌ಟಿಪಿ ಸರ್ವರ್ ಜಾಗದಲ್ಲಿ ಹೆಸರಿನ ಬದಲು 192.168.1.2 ಎಂದು ಅಂಕೆಯಲ್ಲೇ ಬರೆಯಿರಿ, ಡಿಎನ್‌ಎಸ್ ಹಂಗು ಇರುವುದಿಲ್ಲ. ನವೀಕರಣ ಅವಧಿ 60 ನಿಮಿಷ ಸಾಕು. ಟೈಮ್ ಝೋನ್ ಆಯ್ಕೆಯನ್ನೂ ಒಮ್ಮೆ ನೋಡಿ. ಎನ್‌ಟಿಪಿ ಕೊಡುವುದು ಯುಟಿಸಿ, ಝೋನ್ ತಪ್ಪಿದ್ದರೆ ಗಡಿಯಾರ ಕರಾರುವಾಕ್ಕಾಗಿಯೇ ಕೆಲವು ಗಂಟೆ ತಪ್ಪು ತೋರಿಸುತ್ತದೆ.

ನಿಯಮ ಸೇರಿಸಿದ ಮೇಲೆ ಲ್ಯಾಪ್‌ಟಾಪನ್ನು ಕಂಪನಿ ಪೆಟ್ಟಿಗೆಯ ಖಾಲಿ ಕಿಂಡಿಗೆ ಹಾಕಿ 192.168.1.2ರ ಯುಡಿಪಿ 123ಕ್ಕೆ ಒಂದು ಎನ್‌ಟಿಪಿ ಪ್ರಶ್ನೆ ಕಳಿಸಿ ನೋಡಿ. ಲ್ಯಾಪ್‌ಟಾಪ್‌ಗೆ ಉತ್ತರ ಬಂದರೆ ನಿಯಮದಲ್ಲಿ ಮೂಲ ವಿಳಾಸ ಬರೆಯುವುದು ಬಿಟ್ಟುಹೋಗಿದೆ ಎಂದರ್ಥ.